ಕೊಡುವವರು ಯಾರು, ಕೊಳ್ಳುವವರು ಯಾರು?

ವಿದ್ಯೆಗಳಲ್ಲಿ ಕೆಲವು ಗ್ರಂಥದಿಂದ ಬರುವುವು, ಕೆಲವು ಗುರುಮುಖದಿಂದ ಬರುವುವು. ವೈದ್ಯವಿದ್ಯೆಯಾದರೋ ಈ ಎರಡರಿಂದಲೂ ಪೂರ್ಣವಾಗದೆ ಮೂರನೆಯದೊಂದನ್ನು ಬೇಡುವುದು. ಅದು ರೋಗಿಯ ದೇಹ. ಬಡಗಿಯ ಶಿಷ್ಯನು ಒಂದೆರಡು ಹಲಗೆಗಳನ್ನು ಕೆಡಿಸಿ ಕಲಿಯಬಹುದು. ಅಕ್ಕಸಾಲಿಗನ ಶಿಷ್ಯನು ಕೆಟ್ಟ ಒಡವೆಯನ್ನು ಮತ್ತೆ ಕರಗಿಸಬಹುದು. ವೈದ್ಯನ ಶಿಷ್ಯನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಕೈಗೆ ಒದಗುವುದು ನೋವನ್ನರಿಯುವ ಜೀವ. ಹೀಗಿರಲು, ಆ ಜೀವಕ್ಕೆ ಕಲಿಯುವವನು ಸಲ್ಲಿಸಬೇಕಾದುದೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಾಲೆಂಡಿನ ಲೈಡನ್ ನಗರದಲ್ಲಿ 18ನೆಯ ಶತಮಾನದ ಆದಿಭಾಗದಲ್ಲಿ ಬೂರ್ಹಾವೆ ಎಂಬ ಆಚಾರ್ಯನು 12 ಹಾಸಿಗೆಗಳ ಬಳಿ ಶಿಷ್ಯರನ್ನು ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದನು. ಅಮೆರಿಕದ ಬಾಲ್ಟಿಮೋರಿನಲ್ಲಿ 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ವಿಲಿಯಂ ಆಸ್ಲರನು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ವಾರ್ಡಿಗೆ ಕರೆತಂದು, ರೋಗಿಯ ಸನ್ನಿಧಿಯೇ ನಿಜವಾದ ಪಾಠಶಾಲೆಯೆಂದು ಸಾರಿದನು. ಈ ಕ್ರಮ ಲೋಕಕ್ಕೆಲ್ಲ ಹಿತವಾಯಿತು. ಆದರೆ ಅಂತಹ ಹಾಸಿಗೆಗಳಲ್ಲಿ ಮಲಗಿದವರು ಬಹುಮಟ್ಟಿಗೆ ಬಡವರೆಂಬುದನ್ನು ಮರೆಯಲಾಗದು. ಉಳ್ಳವರ ವೈದ್ಯನು ಇಲ್ಲದವರ ದೇಹದ ಮೇಲೆ ಕಲಿತನು.

ಈಗ ಈ ಪಾಠಶಾಲೆಯು ಸಮುದ್ರವನ್ನೂ ದಾಟಿದೆ. ಬ್ರಿಟನ್ನಿನ ವೈದ್ಯವಿದ್ಯಾರ್ಥಿಗಳು ವ್ಯಾಸಂಗದ ಕೊನೆಯ ಭಾಗದಲ್ಲಿ ಕೆಲವು ವಾರಗಳನ್ನು ತಾವೇ ಆರಿಸಿಕೊಂಡ ಆಸ್ಪತ್ರೆಯಲ್ಲಿ ಕಳೆಯುವ ಪದ್ಧತಿಯುಂಟು. ಅನೇಕರು ಆಫ್ರಿಕದ ಬಡದೇಶಗಳನ್ನು ಆರಿಸುವರು. ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿರುವ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಂತಹ ದೊಡ್ಡ ಸರಕಾರಿ ಆಸ್ಪತ್ರೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಳೆಗಾಲ ಬಂದೊಡನೆ ಮಲೇರಿಯದಿಂದ ಮೂರ್ಛೆಹೋದ ಮಕ್ಕಳು ಬರುವರು. ದಾದಿಯರು ಕೆಲವರೇ. ಮಗುವಿನೊಡನೆ ಬಂದ ತಾಯಿಯೋ ಅಜ್ಜಿಯೋ ಅಡುಗೆಮಾಡಿ ಉಣಿಸಿ, ಬಟ್ಟೆ ಒಗೆದು, ರಾತ್ರಿ ಅಲ್ಲಿಯೇ ನೆಲದ ಮೇಲೆ ಮಲಗಿ ಶುಶ್ರೂಷೆ ನಡೆಸುವಳು. ಅವರನ್ನು ಅಲ್ಲಿ ಗಾರ್ಡಿಯನ್ ಎಂದು ಕರೆಯುವರು.

ಇಂತಹ ವಾರ್ಡಿನೊಳಕ್ಕೆ ಬಿಳಿಯ ಅಂಗಿ ತೊಟ್ಟ ವಿದೇಶೀ ವಿದ್ಯಾರ್ಥಿಯು ಕಾಲಿಟ್ಟೊಡನೆ ಆ ತಾಯಿ ಅವನನ್ನು ದೊಡ್ಡ ವೈದ್ಯನೆಂದೇ ಭಾವಿಸುವಳು. ಅವಳ ಚಿಚೆವಾ ಭಾಷೆ ಅವನಿಗೆ ತಿಳಿಯದು; ಅವನ ಇಂಗ್ಲಿಷು ಅವಳಿಗೆ ತಿಳಿಯದು. ಅವನು ಸುಮ್ಮನಿದ್ದರೆ ಸಾಕು, ಭ್ರಮೆ ನಿಲ್ಲುವುದು. ಧರ್ಮಸಂಕಟ ಇಲ್ಲಿಯೇ ಮೊದಲಾಗುವುದು. ಮಗುವಿನ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕಾಗಿದೆ ಎನ್ನೋಣ. ಮೆದುಳಿನ ಒತ್ತಡ ಏರಿದ್ದರೆ ಆ ಕ್ರಿಯೆಯಿಂದ ಪ್ರಾಣಾಪಾಯವೂ ಉಂಟಾಗಬಹುದು. ತನ್ನ ಊರಿನಲ್ಲಿ ಗುರುವಿನ ಕಣ್ಣೆದುರಿನಲ್ಲಲ್ಲದೆ ಅವನು ಅದಕ್ಕೆ ಕೈಹಾಕುವಂತಿಲ್ಲ. ಇಲ್ಲಿ ತಡೆಯುವವರಿಲ್ಲ. ಅಷ್ಟರಿಂದಲೇ ಅದು ಸಲ್ಲುವುದೇ?

ಇಲ್ಲಿ ಒಂದು ಶಂಕೆ ಹುಟ್ಟುವುದು. ವೈದ್ಯರೇ ವಿರಳವಾದ ಸ್ಥಳದಲ್ಲಿ ಅರೆಕಲಿತ ಕೈಯಾದರೂ ಬರಿಗೈಗಿಂತ ಮೇಲಲ್ಲವೆ? ಈ ಶಂಕೆಯನ್ನು ಹಗುರವಾಗಿ ತಳ್ಳಲಾಗದು. ಉಸಿರು ನಿಲ್ಲುತ್ತಿರುವ ಮಗುವಿನ ಬಳಿ ಬೇರಾರೂ ಇಲ್ಲದಿರುವಾಗ, ತಾನು ಚೆನ್ನಾಗಿ ಕಲಿತ ಉಸಿರೂಡುವ ಕ್ರಿಯೆಯನ್ನು ಮಾಡದೆ ನಿಯಮವನ್ನು ಜಪಿಸುತ್ತ ನಿಲ್ಲುವುದು ಧರ್ಮವಲ್ಲ. ಆದರೆ ಅಂತಹ ಗಳಿಗೆ ಅಪರೂಪ. ಸಾಮಾನ್ಯವಾಗಿ ಅಲ್ಲಿ ತಿಳಿದವರು ಇದ್ದೇ ಇರುವರು. ವಿದ್ಯಾರ್ಥಿಯ ಕಣ್ಣಿಗೆ ಅವರು ಕಾಣುವುದಿಲ್ಲ, ಅಷ್ಟೆ. ಮಲಾವಿಯಲ್ಲಿ ಕ್ಲಿನಿಕಲ್ ಆಫೀಸರ್ ಎಂಬವರಿದ್ದಾರೆ. ಅವರಿಗೆ ಡಾಕ್ಟರ್ ಪದವಿಯಿಲ್ಲ. ಆದರೂ ಆ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ತಾಯಿಯ ಹೊಟ್ಟೆಯನ್ನು ಕೊಯ್ದು ಮಗುವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಬಹುಪಾಲು ನಡೆಸುತ್ತ ಬಂದವರು ಅವರೇ. ಪದವಿಯ ಹೊಸ್ತಿಲಲ್ಲಿ ನಿಂತ ವಿದೇಶೀ ತರುಣನು ಅವರನ್ನು ಕೇಳಿ ಕಲಿಯಲು ಹಿಂಜರಿದರೆ, ಅವನನ್ನು ತಡೆದದ್ದು ಕರುಣೆಯಲ್ಲ, ಅಹಂಕಾರ. ಅಹಂಕಾರಕ್ಕೆ ಕರುಣೆಯ ವೇಷದಷ್ಟು ಚೆನ್ನಾಗಿ ಒಪ್ಪುವ ವೇಷ ಮತ್ತೊಂದಿಲ್ಲ.

ಇನ್ನೊಂದು ಮಾತು. ಹೀಗೆ ಹೋಗುವವರು ತಾವು ಸೇವೆಗೆ ಹೊರಟೆವೆಂದು ಹೇಳಿಕೊಳ್ಳುವುದುಂಟು. ಲೆಕ್ಕ ಹಾಕಿ ನೋಡಿದರೆ ಫಲ ತಿರುಗುಮುರುಗಾಗುವುದು. ಮೂರ್ಛೆಯ ಆಳವನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದಿಂದ ಬಂದ ಮಾಪನವು ಮಾತಾಡಬಲ್ಲವರಿಗೆ ತಕ್ಕದ್ದು. ಮಾತು ಬಾರದ ಶಿಶುವಿಗಾಗಿ ಕಣ್ಣಿನ ಚಲನೆ, ಅಂಗಗಳ ಚಲನೆ, ಅಳು ಈ ಮೂರನ್ನು ನೋಡಿ 0ಯಿಂದ 5ರವರೆಗೆ ಅಂಕವೆಣಿಸುವ ಕ್ರಮವೊಂದು 1989ರಲ್ಲಿ ಪ್ರಕಟವಾಯಿತು. ಅದರ ಹೆಸರೇ ಬ್ಲಾಂಟೈರ್ ಮಾಪನ. ಆಗ ಮಲಾವಿಯಲ್ಲಿ ವೈದ್ಯಕಾಲೇಜು ಕೂಡ ಇರಲಿಲ್ಲ; ಅದು ಆರಂಭವಾದದ್ದು 1991ರಲ್ಲಿ. ತಮ್ಮ ವೈದ್ಯರನ್ನು ತಮ್ಮ ನೆಲದಲ್ಲಿ ತಯಾರಿಸಲಾರದಿದ್ದ ಕಾಲದಲ್ಲಿಯೂ ಆ ಜನರ ಮಕ್ಕಳು ತಮ್ಮ ಕಾಯಿಲೆಯಿಂದಲೇ ಲೋಕದ ವೈದ್ಯರಿಗೆ ಪಾಠ ಹೇಳಿದರು. ಹಾಗಾದರೆ ಅಲ್ಲಿಗೆ ಹೋದ ವಿದ್ಯಾರ್ಥಿ ಕೊಡುವವನೋ, ಕೊಳ್ಳುವವನೋ?

ಕೊಳ್ಳುವವನೆಂದು ಒಪ್ಪಿಕೊಂಡರೆ ಅವನ ಆಚಾರ ತಾನಾಗಿ ತಿಳಿಯಾಗುವುದು. ಮೊದಲು, ತಾನು ವಿದ್ಯಾರ್ಥಿಯೆಂಬುದನ್ನು ದುಭಾಷಿಯ ಮೂಲಕವಾದರೂ ಆ ತಾಯಿಗೆ ತಿಳಿಸಿ, ಅವಳ ಒಪ್ಪಿಗೆಯನ್ನು ಪಡೆಯತಕ್ಕದ್ದು. ಎರಡನೆಯದಾಗಿ, ತನ್ನ ಊರಿನ ರೋಗಿಯ ಮೇಲೆ ಮಾಡಲಾಗದುದನ್ನು ಬಡವನ ಮಗುವಿನ ಮೇಲೆ ಮಾಡತಕ್ಕದ್ದಲ್ಲ. ಮೂರನೆಯದಾಗಿ, ತನಗೆ ಕಲಿಸಲು ಅಲ್ಲಿಯ ವೈದ್ಯರು ವ್ಯಯಿಸುವ ಹೊತ್ತು ರೋಗಿಗಳಿಗೆ ಸಲ್ಲಬೇಕಾದ ಹೊತ್ತೆಂದು ಅರಿತು, ಆ ಋಣವನ್ನು ತೀರಿಸುವ ದಾರಿ ಹುಡುಕತಕ್ಕದ್ದು. ಪರದೇಶದ ವೈದ್ಯಶಿಕ್ಷಣವನ್ನು ಕುರಿತು ವಿದ್ವಾಂಸರ ಮಂಡಲಿಯೊಂದು 2010ರಲ್ಲಿ ಪ್ರಕಟಿಸಿದ ನೀತಿಸೂತ್ರಗಳೂ ವಿದ್ಯಾರ್ಥಿಯು ತನ್ನ ಮಿತಿಯನ್ನು ಅರಿಯಬೇಕು, ಆತಿಥೇಯರ ಹೊರೆಯನ್ನು ಗಣಿಸಬೇಕು ಎಂದೇ ವಿಧಿಸುತ್ತವೆ.

ಶರಣರು ಕಾಯಕಕ್ಕೆ ದಾಸೋಹಭಾವವನ್ನು ಜೋಡಿಸಿದುದರ ಮರ್ಮ ಇಂತಹ ಸ್ಥಳದಲ್ಲಿ ಬೆಳಗುವುದು. ನಾನು ಕೊಟ್ಟೆನೆಂಬ ಭಾವ ಉಳಿದಿರುವವರೆಗೆ ದಾಸೋಹವಿಲ್ಲ. ನಮ್ಮ ಮನೆಗಳ ಮಕ್ಕಳೂ ಈಗ ವೈದ್ಯವಿದ್ಯೆಗಾಗಿ ದೂರದೇಶಗಳಿಗೆ ಹೋಗುತ್ತಿರುವರು. ಬೀಳ್ಕೊಡುವ ತಂದೆತಾಯಿಗಳು ಎಚ್ಚರದಿಂದ ಓದು, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಹೇಳುವುದು ಸಹಜವೇ. ಅದರೊಡನೆ ಇದನ್ನೂ ಹೇಳಲಿ: ಮಗೂ, ಅಲ್ಲಿ ನಿನ್ನೆದುರಿಗೆ ಮಲಗಿರುವವರು ನಿನ್ನ ಗುರುಗಳು, ಅವರ ಅಪ್ಪಣೆಯಿಲ್ಲದೆ ಕೈ ಮುಂದೆ ಮಾಡಬೇಡ.