ಫಲ ಕೈತಪ್ಪಿದ ಮೇಲಿನ ಕರ್ಮ

ಮಾಡಿದ ಕೆಲಸಕ್ಕೆ ಬೆಲೆ ಕಟ್ಟಬೇಕಾದದ್ದು ಫಲ ನೋಡಿಯೋ, ಮಾಡಿದ ರೀತಿ ನೋಡಿಯೋ? ಗೀತೆಯ ಉತ್ತರ ನಮಗೆಲ್ಲ ಗೊತ್ತು. ವ್ಯವಹಾರದಲ್ಲಿ ಮಾತ್ರ ಫಲವನ್ನೇ ತೂಗುತ್ತೇವೆ. ಆ ಉತ್ತರವನ್ನು ಒರೆಗೆ ಹಚ್ಚಲು ಅಮೆರಿಕನ್ ಫುಟ್‌ಬಾಲ್ ಕೋಚ್ ಮಾರ್ವ್ ಲೀವಿ ಅವರ ವೃತ್ತಿಜೀವನ ತಕ್ಕದ್ದು. ಹಾರ್ವರ್ಡ್‌ನಲ್ಲಿ ಇಂಗ್ಲೆಂಡಿನ ಇತಿಹಾಸ ಓದಿ ಬಂದ ಲೀವಿ, ಬಫಲೊ ಬಿಲ್ಸ್ ತಂಡವನ್ನು 1991ರಿಂದ 1994ರವರೆಗೆ ಸತತ ನಾಲ್ಕು ಸಲ ಸೂಪರ್ ಬೌಲ್ ಫೈನಲ್‌ಗೆ ಮುಟ್ಟಿಸಿದರು. ಬೇರಾವ ತಂಡವೂ ಇದನ್ನು ಸಾಧಿಸಿಲ್ಲ. ನಾಲ್ಕರಲ್ಲೂ ಸೋತರು.

ಮೊದಲ ಸೋಲು 20-19. ಕೊನೆಯ ಕ್ಷಣಗಳಲ್ಲಿ ಬಫಲೊದ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಸರಿದುಹೋಯಿತು. ಅದು ಒಳಗೆ ಹೋಗಿದ್ದರೂ ಅದುವರೆಗೆ ಲೀವಿ ಮಾಡಿದ್ದ ಕೆಲಸ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿ ವಾದ ಮುಗಿಸಬಹುದಿತ್ತು. ಮುಂದಿನ ಮೂರು ಸೋಲುಗಳು ಅದಕ್ಕೆ ಬಿಡುವುದಿಲ್ಲ. ಒಂದರಲ್ಲೂ ಅಂತರ ಹತ್ತು ಅಂಕಕ್ಕಿಂತ ಕಡಿಮೆಯಿರಲಿಲ್ಲ. ಆ ದಿನಗಳಲ್ಲಿ ಎದುರಾಳಿಗಳೇ ಮೇಲಾಗಿದ್ದರು. ಫಲ ಅಳತೆಗೋಲಲ್ಲ ಎನ್ನಲು ಇನ್ನೂ ಗಟ್ಟಿ ಕಾರಣ ಬೇಕು.

ಅದು ಸಿಗುವುದು ಮೂರನೆಯ, ಅತಿ ದೊಡ್ಡ ಸೋಲಿನಲ್ಲೇ. 1993ರ ಜನವರಿ 31, ಪಸಡೀನಾ. ಅಂತಿಮ ಲೆಕ್ಕ ಡಲ್ಲಾಸ್ 52, ಬಫಲೊ 17. ಪಂದ್ಯ ಮುಗಿಯಲು ಕೆಲವೇ ನಿಮಿಷವಿದ್ದಾಗ ಡಲ್ಲಾಸ್‌ನ ಲಿಯಾನ್ ಲೆಟ್ ಬಿದ್ದ ಚೆಂಡೆತ್ತಿಕೊಂಡು ಓಡಿದರು. ಗೋಲು ಗೆರೆಯ ಹತ್ತಿರ ಬಂದಾಗ ಸಂಭ್ರಮದಲ್ಲಿ ತೋಳು ಚಾಚಿದರು. ಮೈದಾನದುದ್ದಕ್ಕೂ ಬೆನ್ನಟ್ಟಿ ಬಂದ ಬಫಲೊದ ಡಾನ್ ಬೀಬಿ, ಗೆರೆ ದಾಟುವ ಮೊದಲೇ ಆ ಕೈಯಿಂದ ಚೆಂಡನ್ನು ಹೊಡೆದು ಬೀಳಿಸಿದರು. ಗೆಲ್ಲುವ ಆಸೆ ಎಂದೋ ಮುಗಿದಿತ್ತು, ಮಾಡಬೇಕಾದ ಕೆಲಸ ಮುಗಿದಿರಲಿಲ್ಲ. ಮರುವರ್ಷ ಇದೇ ತಂಡ ಮತ್ತೆ ಫೈನಲ್‌ಗೆ ಬಂದದ್ದೂ ಇದೇ ಬಗೆಯ ಕರ್ಮ ಎಂದು ನಾನು ತಿಳಿಯುತ್ತೇನೆ.

ಸಂಬಳ ಪಡೆಯುವ ಕೋಚ್ ಇರುವುದೇ ಗೆಲ್ಲಿಸಲಿಕ್ಕೆ, ಇದೆಲ್ಲ ಸೋತವರ ಸಮಾಧಾನ ಎನ್ನಬಹುದು. ಗೆಲುವು ಗುರಿಯೆಂಬುದನ್ನು ಒಪ್ಪೋಣ. ಗುರಿಯಿಲ್ಲದೆ ಬೀಬಿಯೂ ಓಡುತ್ತಿರಲಿಲ್ಲ. ಸಿದ್ಧತೆಯಲ್ಲಿ ಕೊರತೆಯಿದ್ದರೆ ಲೀವಿ ಉತ್ತರ ಕೊಡಲೇಬೇಕು. ಆದರೆ ಗುರಿ ತಪ್ಪಿದೊಡನೆ ಕೆಲಸವೆಲ್ಲ ವ್ಯರ್ಥವೆನ್ನುವುದು ಬೇರೆಯೇ ಮಾತು. ಫಲವನ್ನೂ ಕೆಲಸವನ್ನೂ ಬೇರೆಬೇರೆಯಾಗಿ ತೂಗುವುದು ತತ್ವಜ್ಞಾನಿಗಳಿಗಷ್ಟೇ ಸಾಧ್ಯ ಎಂದರೆ, ಮೊದಲ ಸೋಲಿನ ಮರುದಿನ ಬಫಲೊದ ನಯಾಗರಾ ಚೌಕದಲ್ಲಿ ನಡೆದದ್ದನ್ನು ನೋಡಬೇಕು: ಅಲ್ಲಿ ನೆರೆದ ಸಾವಿರಾರು ಜನ ಕೂಗಿ ಕರೆದದ್ದು ನಾರ್ವುಡ್ ಅವರನ್ನೇ. ಗೆಲುವಿಗಾಗಿ ಆ ಜನರಷ್ಟು ಹಂಬಲಿಸಿದವರು ಯಾರೂ ಇರಲಿಲ್ಲ.