ನೆರೆಯವರ ಅವಮಾನವನ್ನು ಲೋಕಕ್ಕೆ ತೋರಿಸುವ ವಿಷಯ

ಒಬ್ಬನಿಗೆ ಆದ ಅನ್ಯಾಯವನ್ನು ಹತ್ತು ಮಂದಿಗೆ ತಿಳಿಸುವದು ಸರಿಯೋ ಎಂದು ಕೇಳಿದರೆ, ಸರಿಯೆಂದೇ ಎಲ್ಲರೂ ಉತ್ತರ ಕೊಡುವರು. ಆದರೆ ಆ ಅನ್ಯಾಯದಲ್ಲಿ ಅವನ ಮಾನವೂ ಹೋಗಿದ್ದರೆ, ತಿಳಿಸುವವನು ಅದನ್ನು ಎರಡನೇ ಸಲ ಕಳೆಯುವನೋ ಎಂಬ ಪ್ರಶ್ನೆಯು ಅಷ್ಟು ಸುಲಭವಾದದ್ದಲ್ಲ. ಈಗ ವಂಡ್ಸೆಯ ಪೇಟೆಯಲ್ಲಿ ನಿಂತ ಹುಡುಗನು ಮೊಬೈಲಿನಿಂದ ಒಂದು ಚಿತ್ರವನ್ನು ಕ್ಷಣಮಾತ್ರದಲ್ಲಿ ಮುಂಬಯಿಗೂ ದುಬಾಯಿಗೂ ಕಳುಹಿಸಬಲ್ಲನಾದದರಿಂದ, ನಾವು ಇದನ್ನು ವಿಚಾರಿಸುವದು ಅಗತ್ಯ.

ಪ್ರಿಯ ವಾಚಕರೇ, ನಮ್ಮ ಸೀಮೆಯ ಕೊರಗರ ಸಂಗತಿಯನ್ನೇ ತೆಗೆದುಕೊಳ್ಳೋಣ. ಬುಟ್ಟಿ ಹೆಣೆದು, ಡೋಲು ಬಾರಿಸಿ ಜೀವಿಸಿದ ಈ ಜನರ ಮೇಲೆ ಅಜಲು ಎಂಬ ಪದ್ಧತಿಯನ್ನು ಹೊರಿಸಲಾಗಿತ್ತು. ರೋಗವೂ ಪೀಡೆಯೂ ತಮ್ಮನ್ನು ಬಿಟ್ಟು ಇವರಿಗೆ ಹೋಗಲೆಂದು ಅನ್ನದಲ್ಲಿ ಕೂದಲನ್ನೂ ಉಗುರನ್ನೂ ಬೆರಸಿ ಉಣಿಸುತ್ತಿದ್ದರು. ಕಂಬಳಕ್ಕೆ ಮುಂಚೆ ಇವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುತ್ತಿದ್ದರು. ಮನುಷ್ಯರೆಲ್ಲರೂ ಗೌರವದಲ್ಲಿ ಸಮಾನರೆಂದು ಲೋಕದ ರಾಷ್ಟ್ರಗಳು ಪ್ಯಾರಿಸಿನಲ್ಲಿ ಸಾರಿದ್ದು 1948ನೇ ದಶಂಬರ 10ರಂದು. ನಮ್ಮ ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದ್ದು 1950ರಲ್ಲಿ. ಅಜಲನ್ನು ಹೆಸರಿಟ್ಟು ನಿಷೇಧಿಸುವ ಕಾಯಿದೆಯು ಕರ್ನಾಟಕದಲ್ಲಿ ಆದದ್ದು 2000ನೇ ಇಸವಿಯಲ್ಲಿ. ಐವತ್ತು ವರುಷ!

ಇಷ್ಟು ತಡವಾದದ್ದು ತಿಳಿಯದೆ ಅಲ್ಲ. ಬಡಿಸಿದವರಿಗೆ ತಿಳಿದಿತ್ತು, ನೆರೆಮನೆಯವರಿಗೂ ತಿಳಿದಿತ್ತು. ಎಲ್ಲರೂ ಬಲ್ಲದ್ದನ್ನು ಯಾರೂ ಬಾಯಿಬಿಟ್ಟು ಹೇಳದೆ ಇದ್ದದರಿಂದಲೇ ಅದು ವಾಡಿಕೆಯಾಗಿ ಉಳಿಯಿತೆಂದು ನಮಗೆ ತೋರುತ್ತದೆ. ಆದದರಿಂದ ಸುಮ್ಮನಿರುವದೇ ಮರ್ಯಾದೆ ಎನ್ನುವವರ ಮಾತನ್ನು ನಾವು ಒಪ್ಪಲಾರೆವು.

ಆದರೆ ತಿಳಿಸುವದು ಹೇಗೆ? ಪ್ರಚಾರಕ್ಕೆ ಹೊರಟವರು ಮೊದಲು ಹುಡುಕುವದು ಕಣ್ಣೀರು ತರಿಸುವ ಚಿತ್ರವನ್ನು. ಎಂಜಲೆಲೆಯ ಮುಂದೆ ಕುಳಿತ ಮುದುಕಿಯ ಮುಖವು ಊರೂರಿಗೆ ಹೋಗುವದು. ಅವಳ ಮೊಮ್ಮಗಳು ಕುಂದಾಪುರದಲ್ಲಿ ಓದುವವಳಾಗಿದ್ದು, ಜೊತೆಯವರು ಆ ಚಿತ್ರವನ್ನು ತೋರಿಸಿ, ಇದು ನಿನ್ನ ಅಜ್ಜಿಯಲ್ಲವೋ ಎಂದು ಕೇಳುವ ದಿವಸದಲ್ಲಿ, ಹಂಚಿದವರು ಅವಳ ಬಳಿಯಲ್ಲಿ ನಿಲ್ಲುವರೋ? ಕಾಗದವನ್ನಾದರೆ ಸುಡಬಹುದು; ಸಾವಿರ ಮೊಬೈಲುಗಳಿಗೆ ಹೋದದ್ದನ್ನು ಹಿಂದಕ್ಕೆ ಕರೆಯುವವರಿಲ್ಲ. ಮುದುಕಿಯು ಒಪ್ಪಿದ್ದಳೆಂದು ಕೆಲವರು ಹೇಳುವರು. ಒಪ್ಪಿಗೆಯನ್ನು ಕೇಳತಕ್ಕದ್ದೇ ಸರಿ. ಆದರೆ ಅಕ್ಕಿ ಕೊಟ್ಟ ಕೈಯೇ ಮೊಬೈಲನ್ನು ಎತ್ತಿ ಹಿಡಿದು ಕೇಳಿದರೆ, ಅವಳು ಬೇಡವೆಂದಾಳೇ? ಬೇಡವೆನ್ನುವದಕ್ಕೆ ಧೈರ್ಯವಿಲ್ಲದವಳ ಹೌದು ಎಂಬ ಮಾತು ಒಪ್ಪಿಗೆಯಲ್ಲ.

ಇನ್ನೊಂದು ಸಂಗತಿಯುಂಟು. ಆ ಕಾಯಿದೆಯು ಅಜಲು ಎಂಬದರೊಳಗೆ ಕೂದಲು ಬೆರಸಿದ ಅನ್ನವನ್ನು ಮಾತ್ರವಲ್ಲ, ಕೊರಗರಿಗೆ ಕೂಲಿ ಕೊಡದೆ ಅಥವಾ ಇತರರಿಗಿಂತ ಕಡಿಮೆ ಕೊಟ್ಟು ದುಡಿಸುವದನ್ನೂ ಸೇರಿಸಿದೆ. ಇದಕ್ಕೆ ಚಿತ್ರವಿಲ್ಲ, ಇದನ್ನು ನೋಡಿ ಅಳುವವರೂ ಇಲ್ಲ. ಉಗುರು ಬೆರಸಿದ ಅನ್ನದ ಕಥೆಯನ್ನು ಕೇಳಿದವನು, ನಾನು ಅಂಥವನಲ್ಲವೆಂದು ಸಮಾಧಾನಪಟ್ಟು ಮುಂದಿನವನಿಗೆ ಕಳುಹಿಸುವನು. ಅರ್ಧ ಕೂಲಿಯ ಮಾತನ್ನು ಕೇಳಿದವನಾದರೋ ತನ್ನ ಮನೆಯ ಲೆಕ್ಕದ ಪುಸ್ತಕವನ್ನು ನೆನಸಬೇಕಾಗುವದು. ನಮ್ಮ ಸಭೆಗಳ ಗೃಹಸ್ಥರೂ ಇದಕ್ಕೆ ಹೊರಗಾದವರಲ್ಲ.

ಆದದರಿಂದ ವಂಡ್ಸೆಯ ಯೌವನಸ್ಥರು ಇಂಥ ಪ್ರಚಾರಕ್ಕೆ ಏರ್ಪಾಡು ಮಾಡುವದಾದರೆ, ಮೊದಲು ಕೊರಗರ ಮನೆಗಳಿಗೆ ಹೋಗಿ ಕುಳಿತುಕೊಂಡು, ಯಾವದನ್ನು ಹೇಳಬೇಕು, ಯಾರ ಹೆಸರು ಬರಬಾರದು ಎಂಬದನ್ನು ಅವರ ಬಾಯಿಂದಲೇ ಕೇಳಲಿ. ಚಿತ್ರ ಬೇಡ, ಡೋಲು ಬಾರಿಸಿದ ಕೂಲಿಯ ಬಾಕಿಯನ್ನು ಬರೆಯಿರಿ ಎಂದು ಅವರು ಅಂದರೆ, ಅದನ್ನೇ ಬರೆಯಲಿ.