ಪಕ್ಷಿರಾಜನ ಪಕ್ಷ

‘2.0’ ಚಿತ್ರದ ಕೊನೆಯ ಹೊಡೆದಾಟದಲ್ಲಿ ಅಂಗೈಯಗಲದ ಪುಟ್ಟ ರೋಬೋಟುಗಳು ಪಾರಿವಾಳಗಳ ಬೆನ್ನೇರಿ ಬರುತ್ತವೆ. ಒಂದೊಂದಕ್ಕೂ ರಜನಿಕಾಂತ್ ಮುಖ. ಹಕ್ಕಿಗಳಿಗಾಗಿ ಊರನ್ನೇ ಧ್ವಂಸ ಮಾಡಲು ಹೊರಟ ಪಕ್ಷಿರಾಜನ ಎದುರು ನಿಂತು, ಹಕ್ಕಿಗಳ ಸಮೇತ ಸಿಡಿದುಬಿಡುತ್ತೇವೆ ಎಂದು ಬೆದರಿಸುತ್ತವೆ. ಹಕ್ಕಿಗಳ ಪರವಾಗಿ ಎರಡು ಗಂಟೆ ಮಾತಾಡಿದ ಚಿತ್ರ ಕಡೆಗೆ ಗೆಲ್ಲುವುದು ಹಕ್ಕಿಗಳನ್ನೇ ಒತ್ತೆ ಇಟ್ಟುಕೊಂಡು! ಇಷ್ಟು ದೊಡ್ಡ ಎಡವಟ್ಟು ಕಣ್ಣೆದುರೇ ಇದ್ದರೂ ಈ ಚಿತ್ರ ನನಗೆ ಇಷ್ಟ. ಹುಸೇನ್ ಸಾಗರದ ಪಕ್ಕದ ದೊಡ್ಡ ತೆರೆಯ ಮೇಲೆ ನೋಡಿ ಹೊರಬರುವಾಗ ಜೊತೆಗಿದ್ದವರೆಲ್ಲ ಮೂಗು ಮುರಿದರು. ಅವರು ಎಣಿಸಿದ ಒಂದೊಂದು ತಪ್ಪಿಗೂ ತಲೆಯಾಡಿಸಿದೆ. ಇಷ್ಟ ಮಾತ್ರ ಕಡಿಮೆಯಾಗಲಿಲ್ಲ. ತಪ್ಪನ್ನು ಒಪ್ಪಿಕೊಂಡ ಮೇಲೂ ಉಳಿಯುವ ಈ ಇಷ್ಟಕ್ಕೆ ಏನಾದರೂ ಆಧಾರವಿದೆಯೇ, ಅಥವಾ ಇದು ಬರೀ ಹಠವೇ?

ರಜನಿ ಮೋಹ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕ್ವಾಡ್ ತಮಿಳು ಚಿತ್ರದಲ್ಲಿ ನಟಿಸಿ, ಗಾಯಕ ಮನೋ ಅವರ ಕಂಠದಲ್ಲಿ ತೆಲುಗು ಮಾತಾಡುವುದನ್ನು ಹೈದರಾಬಾದಿನ ಕನ್ನಡಿಗನೊಬ್ಬ ನೋಡುವುದರಲ್ಲಿ ಒಂದು ಮಜಾ ಇರುವುದೇನೋ ನಿಜ. ಆದರೆ ಆ ಮಜಾ ಮೊದಲ ಭಾಗದಲ್ಲೂ ಅಷ್ಟೇ ಇತ್ತು. ‘ತೀರಾ ಕೆಟ್ಟದಾಗಿದೆ, ಅದಕ್ಕೇ ಮಜಾ’ ಎನ್ನುವ ರಸಿಕರೂ ಇದ್ದಾರೆ. 1964ರಲ್ಲಿ ಸೂಸನ್ ಸಾಂಟ್ಯಾಗ್ ಈ ಅಭಿರುಚಿಯ ಬಗ್ಗೆ ಬರೆದ ಪ್ರಬಂಧ ಇಂದಿಗೂ ಓದಿಸಿಕೊಳ್ಳುತ್ತದೆ. ಅಂಥವರು ಚಿತ್ರಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂತು ನಗುತ್ತಾರೆ. ಪಕ್ಷಿರಾಜನನ್ನು ನೋಡುವಾಗ ನನಗೆ ನಗು ಬರಲಿಲ್ಲ.

ಮೊದಲ ಭಾಗವಾದ ‘ಎಂದಿರನ್’ ತೆಲುಗಿಗೆ ‘ರೋಬೋ’ ಆಗಿ ಬಂದದ್ದು 2010ರಲ್ಲಿ. ಅದರ ಒಳ್ಳೆಯತನ ಎಂಜಿನಿಯರನೊಬ್ಬನ ಒಳ್ಳೆಯತನ. ಬೆಂಕಿ ಬಿದ್ದ ಕಟ್ಟಡದಿಂದ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ರೋಬೋಟ್ ಚಿಟ್ಟಿ ಹಾಗೆಯೇ ಹೊತ್ತು ತರುತ್ತಾನೆ. ನೆರೆದ ಜನರೆದುರು ಮಾನ ಹೋಯಿತೆಂದು ಅವಳು ಓಡಿ ವಾಹನಕ್ಕೆ ಸಿಕ್ಕು ಸಾಯುತ್ತಾಳೆ. ಪ್ರಾಣ ಉಳಿಸುವ ಲೆಕ್ಕ ಗೊತ್ತಿದ್ದ ಯಂತ್ರಕ್ಕೆ ನಾಚಿಕೆಯ ಲೆಕ್ಕ ಗೊತ್ತಿರಲಿಲ್ಲ. ಅದಕ್ಕಾಗಿ ಭಾವನೆ ತುಂಬಬೇಕಾಗುತ್ತದೆ, ಭಾವನೆ ಬಂದದ್ದೇ ಪ್ರೀತಿ, ಪ್ರೀತಿಯ ಹಿಂದೆ ಅಸೂಯೆ, ಅಸೂಯೆಯ ಹಿಂದೆ ಕೊಲೆ. ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಚಿತ್ರದ ಸಂಭಾಷಣೆಯಲ್ಲಿ ಕೈಯಿದ್ದ ಸುಜಾತಾ, ಅಂದರೆ ಎಸ್. ರಂಗರಾಜನ್, ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದು ಮತಯಂತ್ರ ರೂಪಿಸುವ ಕೆಲಸದಲ್ಲಿ ತೊಡಗಿದ್ದವರು. ಕೊನೆಗೆ ನ್ಯಾಯಾಲಯದ ಆದೇಶದಂತೆ ಚಿಟ್ಟಿ ತನ್ನ ಕೈಕಾಲುಗಳನ್ನು ತಾನೇ ಕಳಚಿಡುತ್ತಾನೆ. 2030ರ ಮ್ಯೂಸಿಯಂ ಒಂದರಲ್ಲಿ ಶಾಲೆಯ ಮಗು ಏಕೆ ಕಳಚಿದರೆಂದು ಕೇಳಿದರೆ, ನಾನು ಯೋಚಿಸತೊಡಗಿದೆ ಎನ್ನುತ್ತಾನೆ. ಅಲ್ಲಿಗೆ ಕಥೆ ಒಪ್ಪವಾಗಿ ಮುಗಿಯಿತು.

ಸುಜಾತಾ 2008ರಲ್ಲೇ ತೀರಿಕೊಂಡಿದ್ದರು. 2018ರ ನವೆಂಬರ್ 29ರಂದು ಬಂದ ಎರಡನೇ ಭಾಗಕ್ಕೆ ನಿರ್ದೇಶಕ ಶಂಕರ್ ಜತೆ ಬರೆದವರು ಕಾದಂಬರಿಕಾರ ಜಯಮೋಹನ್. (ಅವರು ಹಿಂದೆ ಕಾಸರಗೋಡಿನಲ್ಲಿ, ಅದೂ ಟೆಲಿಫೋನ್ ಇಲಾಖೆಯಲ್ಲಿ, ಕೆಲಸ ಮಾಡಿದ್ದವರು. ಮೊಬೈಲನ್ನೇ ಆರೋಪಿ ಮಾಡಿದ ಚಿತ್ರಕ್ಕೆ ಇದಕ್ಕಿಂತ ತಕ್ಕ ಬರಹಗಾರ ಸಿಗಲಾರರು.) ಎಂಜಿನಿಯರ್ ಹೋಗಿ ಕಾದಂಬರಿಕಾರ ಬಂದ ಗುರುತು ಇಡೀ ಚಿತ್ರದ ಮೇಲಿದೆ. ಯಂತ್ರದ ತರ್ಕ ಹಿಂದೆ ಸರಿದು ಮುದುಕನೊಬ್ಬನ ಸಂಕಟ ಮುಂದೆ ಬಂದಿದೆ. ಜನರ ಕೈಯಿಂದ ಮೊಬೈಲುಗಳು ಚಿಮ್ಮಿ ಆಕಾಶಕ್ಕೆ ಹಾರುತ್ತವೆ, ಒಟ್ಟುಗೂಡಿ ದೈತ್ಯ ಹಕ್ಕಿಯಾಗುತ್ತವೆ. ನೋಡಲು ಭವ್ಯ. ಏಕೆ ಹೀಗೆ ಎಂದು ಕೇಳಿದರೆ ಸತ್ತವರ ‘ಆರಾ’ ಎಂಬ ಉತ್ತರ. ಇಲ್ಲಿ ವಿಜ್ಞಾನ ಮಂತ್ರವಾದಿಯ ಮನೆ ಸೇರಿಬಿಟ್ಟಿದೆ. ಮೊದಲ ಭಾಗದ ಜೀವವಾಗಿದ್ದ ನಾಯಕಿ ಸನಾ ಫೋನಿನ ಆಚೆಯ ದನಿಯಷ್ಟೇ ಆಗಿದ್ದಾಳೆ.

ದೋಷವಿದ್ದ ಮೇಲೂ ಕಾವ್ಯ ಕಾವ್ಯವೇ? ನಮ್ಮ ಹಳಬರು ಈ ಪ್ರಶ್ನೆಗೆ ಬೆವರು ಸುರಿಸಿದ್ದಾರೆ. ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷಾದೋಷಗಳ ವಿಚಾರ. ಅದು ಹುಟ್ಟಿದ ಮಾನ್ಯಖೇಟ, ಈಗಿನ ಮಳಖೇಡ, 1956ರವರೆಗೆ ಹೈದರಾಬಾದ್ ರಾಜ್ಯದ್ದೇ ಊರು. ಇಲ್ಲಿನ ಕಾಚಿಗುಡದ ಕನ್ನಡ ಶಾಲೆಗೆ ಇಂದಿಗೂ ನೃಪತುಂಗನ ಹೆಸರಿದೆ. ಮುಂದೆ ಸಂಸ್ಕೃತದ ಆಲಂಕಾರಿಕ ಮಮ್ಮಟ ಕಾವ್ಯಲಕ್ಷಣ ಹೇಳುವಾಗ ದೋಷವಿರಬಾರದೆಂಬ ಷರತ್ತು ಹಾಕಿದ. ಹದಿನಾಲ್ಕನೇ ಶತಮಾನದ ವಿಶ್ವನಾಥ ಅದನ್ನು ಅಲ್ಲಗಳೆದ: ಹಾಗೆ ಹಿಡಿದರೆ ಕಾವ್ಯವೆಂಬುದೇ ಅಪರೂಪವಾದೀತು, ಇಲ್ಲವೇ ಸಿಗದೇ ಹೋದೀತು, ಹುಳು ಕೊರೆದ ರತ್ನವೂ ರತ್ನವೇ, ಬೆಲೆ ಇಳಿಯಬಹುದು ಅಷ್ಟೆ.

ವಿಶ್ವನಾಥನ ಮಾತು ನನ್ನನ್ನು ಅರ್ಧ ದಾರಿಗೆ ತಲುಪಿಸುತ್ತದೆ. ಚಿತ್ರವನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ ಎಂಬುದು ಅದರಿಂದ ಸಿದ್ಧವಾಯಿತು. ಆದರೆ ಇಷ್ಟವೆಂಬುದು ಬೆಲೆಯ ಲೆಕ್ಕವಾದರೆ, ಹೆಚ್ಚು ಬೆಲೆಯದು ಸಿಕ್ಕಾಗ ಕಡಿಮೆಯದನ್ನು ಕೊಟ್ಟು ಅದನ್ನು ಕೊಳ್ಳಬೇಕಲ್ಲ? ಹುಳುಕಿಲ್ಲದ ವೈಜ್ಞಾನಿಕ ಚಿತ್ರಗಳು ಬೇಕಾದಷ್ಟಿವೆ. ಅವುಗಳಲ್ಲಿ ಎಷ್ಟೋ ನನ್ನಲ್ಲಿ ಮೆಚ್ಚುಗೆ ಹುಟ್ಟಿಸಿ ಸುಮ್ಮನಾಗಿವೆ. ಪ್ರೀತಿ ಗುಣಗಳ ಮೇಲಲ್ಲ, ಸಂಬಂಧದ ಮೇಲೆ ನಿಂತಿದೆ ಎಂದು ನಿಕೊ ಕೊಲೊಡ್ನಿ ಎಂಬ ತತ್ತ್ವಶಾಸ್ತ್ರಜ್ಞ 2003ರಲ್ಲಿ ವಾದಿಸಿದ್ದುಂಟು. ಸಂಬಂಧಕ್ಕೆ ಒಂದು ಇತಿಹಾಸವಿರುತ್ತದೆ, ಇತಿಹಾಸವನ್ನು ಅದಲುಬದಲು ಮಾಡಲಾಗದು. ಮನುಷ್ಯರ ವಿಷಯದಲ್ಲಿ ಇದು ಸರಿಯಿರಬಹುದು. ಸಿನಿಮಾ ವಿಷಯದಲ್ಲಿ ಒಪ್ಪಿದರೆ ನಿರ್ಮಾಪಕರು ಹಬ್ಬ ಮಾಡುತ್ತಾರೆ. ಹೆಸರಿನ ಮುಂದೆ ಎರಡು, ಮೂರು ಎಂದು ಅಂಕಿ ಹಾಕಿ ಏನನ್ನು ಕೊಟ್ಟರೂ ನಾವು ಹಳೆಯ ನಂಟಿನ ಮುಲಾಜಿಗೆ ಟಿಕೆಟ್ ಕೊಳ್ಳಬೇಕು!

ಹಾಗಾಗಿ ನಂಟೊಂದೇ ಸಾಲದು. ಆ ನಂಟಿಗೆ ಎರಡನೇ ಭಾಗ ಏನು ಮಾಡಿತು ಎಂದು ಕೇಳಬೇಕು. ಒಳ್ಳೆಯ ಮೊದಲ ಭಾಗ ಪ್ರಶ್ನೆ ಎತ್ತಿ ಅದಕ್ಕೊಂದು ಬಾಗಿಲನ್ನೂ ಹಾಕಿಬಿಡುತ್ತದೆ. ‘ಎಂದಿರನ್’ ಹಾಕಿದ ಬಾಗಿಲು ಇದು: ಯೋಚಿಸುವ ಯಂತ್ರ ಅಪಾಯ, ಕಳಚಿಟ್ಟೆವು, ಇನ್ನು ನಿಶ್ಚಿಂತೆ. ‘2.0’ ಆ ನಿಶ್ಚಿಂತೆಯನ್ನು ಕೆಡಿಸುತ್ತದೆ. ಊರಿಗೆ ಕಂಟಕ ಬಂದದ್ದೇ ತಡ, ನಾವೇ ಶಿಕ್ಷೆ ಕೊಟ್ಟವನನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸುತ್ತೇವೆ. ಅದೂ ಸಾಲದಾದಾಗ ಚಿಟ್ಟಿಯನ್ನು ಕೊಲೆಗಾರನನ್ನಾಗಿಸಿದ ಯಾವ ಕೆಂಪು ಚಿಪ್‌ಗೆ ಹೆದರಿ ಶಿಕ್ಷಿಸಿದ್ದೆವೋ ಅದೇ ಚಿಪ್ ಮತ್ತೆ ಅವನೊಳಗೆ ಸೇರುತ್ತದೆ. ಹಾಗಾದರೆ ಆ ತೀರ್ಪು ನ್ಯಾಯವಾಗಿತ್ತೇ, ಬರೀ ಅನುಕೂಲವಾಗಿತ್ತೇ? ಚಿತ್ರ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಗದ್ದಲದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಆದರೆ ಈ ಪ್ರಶ್ನೆ ಹುಟ್ಟಬೇಕಾದರೆ ಮುಗಿದ ಕಥೆಯನ್ನು ಯಾರಾದರೂ ಕೆಡಿಸಲೇಬೇಕಿತ್ತು. 1992ರ ‘ಏಲಿಯನ್ 3’ ಕೂಡ ಹಿಂದಿನ ಭಾಗದಲ್ಲಿ ಪ್ರಾಣ ಪಣಕ್ಕಿಟ್ಟು ಉಳಿಸಿದ ಮಗುವನ್ನು ಆರಂಭದಲ್ಲೇ ಸಾಯಿಸಿ ಅಭಿಮಾನಿಗಳಿಂದ ಬೈಸಿಕೊಂಡಿತು. ಆ ಬೈಗುಳದಲ್ಲಿ ನ್ಯಾಯವಿದೆ. ಉಳಿಸಿದ್ದು ಉಳಿದೇ ಇರುತ್ತದೆಂಬ ನಂಬಿಕೆಯನ್ನು ಅದು ಮುರಿದದ್ದೂ ಅಷ್ಟೇ ದಿಟ.

ಇಲ್ಲಿ ಹೈದರಾಬಾದಿಗರ ಕಣ್ಮಣಿ ‘ಆದಿತ್ಯ 369’ ನೆನಪಾಗುತ್ತದೆ. ರಾಜ್‌ಕುಮಾರರ ‘ಹಾಲು ಜೇನು’ ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ಮಾಡಿದ ಚಿತ್ರ. ಅದರ ಕಾಲಯಂತ್ರ 1526ರ ವಿಜಯನಗರಕ್ಕೂ 2504ಕ್ಕೂ ಹೋಗಿಬರುತ್ತದೆ. 2025ರಲ್ಲಿ ಮರುಬಿಡುಗಡೆಯೂ ಆಯಿತು. ಮುಂದಿನ ಭಾಗದ ಮಾತು ವರ್ಷಗಳಿಂದ ಇದೆ, ಚಿತ್ರ ಮಾತ್ರ ಬಂದಿಲ್ಲ. ಹುಟ್ಟದ ಆ ಎರಡನೇ ಭಾಗದಲ್ಲಿ ಎಲ್ಲವೂ ಸೊಗಸು. ಅದನ್ನು ಪ್ರೀತಿಸಲು ಖರ್ಚೇನೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಸುಬಿನ ದೋಷಗಳ ಮಾತು. ‘2.0’ದಲ್ಲಿ ಇನ್ನೊಂದಿದೆ, ಅದನ್ನು ಇಷ್ಟು ಸುಲಭವಾಗಿ ಬಿಡಲಾಗದು. ಮೊಬೈಲ್ ಟವರಿನ ತರಂಗಗಳಿಂದ ಹಕ್ಕಿಗಳು ಸಾಯುತ್ತಿವೆ ಎಂದು ಚಿತ್ರ ಸಾರುತ್ತದೆ. ವೈಜ್ಞಾನಿಕ ಕಥೆಗೆ ಸುಳ್ಳು ಹೇಳುವ ಪರವಾನಗಿ ಇದೆಯಲ್ಲ ಎನ್ನಬಹುದು. ಕಾಲಯಂತ್ರಕ್ಕೆ ಆ ಪರವಾನಗಿ ಸಲ್ಲುತ್ತದೆ. ಚಿತ್ರಮಂದಿರದಿಂದ ಹೊರಬಂದು ಯಾರೂ ಕಾಲಯಂತ್ರಕ್ಕೆ ಹೆದರುವುದಿಲ್ಲ. ಟವರ್ ಹಾಗಲ್ಲ, ಅದು ಪಕ್ಕದ ಮನೆಯ ತಾರಸಿಯ ಮೇಲಿದೆ. ಬಿಡುಗಡೆಯ ಹೊತ್ತಿಗೆ ಮೊಬೈಲ್ ಕಂಪನಿಗಳ ಸಂಘ ಸೆನ್ಸಾರ್ ಮಂಡಳಿಗೆ ದೂರು ಕೊಟ್ಟಿತು. ಕಂಪನಿಗಳದ್ದು ಸ್ವಾರ್ಥದ ಮಾತೆಂದು ತಳ್ಳಿಹಾಕೋಣ. ಆದರೆ 2020ರಲ್ಲಿ ಪಕ್ಷಿತಜ್ಞರೇ ಹೊರತಂದ ಭಾರತದ ಹಕ್ಕಿಗಳ ಸ್ಥಿತಿ ವರದಿಯ ಪ್ರಕಾರ ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ಬೆಂಗಳೂರು, ಹೈದರಾಬಾದಿನಂಥ ಮಹಾನಗರಗಳಲ್ಲಿ. ಅದಕ್ಕೂ ತಿನ್ನಲು ಹುಳಹುಪ್ಪಟೆ, ಗೂಡಿಗೆ ಜಾಗ ಸಿಗದಿರುವುದು ಕಾರಣವಿರಬಹುದೇ ಹೊರತು ಟವರನ್ನು ದೂಷಿಸಲು ಗಟ್ಟಿ ಪುರಾವೆಯಿಲ್ಲ.

ಪಕ್ಷಿರಾಜನ ಪಾತ್ರದ ಮೇಲೆ ಸಲೀಂ ಅಲಿಯವರ ನೆರಳಿರುವುದು ಈ ತಪ್ಪನ್ನು ಇನ್ನಷ್ಟು ಚುಚ್ಚುವಂತೆ ಮಾಡುತ್ತದೆ. ನಿಜಾಮರ ಸರ್ಕಾರದ ಕಾಲದಲ್ಲಿ, 1931-32ರ ಸುಮಾರಿಗೆ, ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರು. ಕಾಡುಮೇಡು ಅಲೆದು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟವರು. ಅಂಥವರ ಹೋಲಿಕೆಯವನ ಬಾಯಲ್ಲಿ ಸಾಬೀತಾಗದ ಆರೋಪ ಹೇಳಿಸುವುದು ಅಕ್ಷರಶಃ ಅನ್ಯಾಯ. ಇದು ರತ್ನದ ಹುಳುಕಲ್ಲ. ವಿಶ್ವನಾಥನ ರಿಯಾಯಿತಿಯನ್ನು ಇದಕ್ಕೆ ಕೊಡಲಾರೆ.

ಆದರೂ ಆರಂಭದಲ್ಲಿ ಟವರ್ ಏರಿ ನೇಣು ಹಾಕಿಕೊಳ್ಳುವ ಆ ಮುದುಕನ ದುಃಖ ಸುಳ್ಳಲ್ಲ. ಅವನು ಹೇಳಿದ ಕಾರಣ ತಪ್ಪು, ಅವನು ಕಳೆದುಕೊಂಡದ್ದು ನಿಜ. ತರ್ಕ ಅಚ್ಚುಕಟ್ಟಾಗಿದ್ದ ಮೊದಲ ಭಾಗದಲ್ಲಿ ಇಂಥ ಒಬ್ಬನಿಗೆ ಜಾಗವೇ ಇರಲಿಲ್ಲ. ಅಲ್ಲಿ ಸರಿ ಇದ್ದವರು ಗೆದ್ದರು, ತಪ್ಪಿದವರು ಸೋತರು. ತಪ್ಪು ವಾದ ಹಿಡಿದವನಿಗೂ ಸರಿಯಾದ ಅಳಲು ಇರಬಹುದು ಎಂಬ ತೊಡಕು ಈ ಸರಣಿಗೆ ಬಂದದ್ದು ಎರಡನೆಯದರಿಂದ. ನಾನು ಪ್ರೀತಿಸುವುದು ಈ ತೊಡಕನ್ನು. ಅದನ್ನು ಪ್ರೀತಿಸಬೇಕಾದರೆ ವಾದ ತಪ್ಪೆಂದು ಪ್ರತಿ ಸಲವೂ ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ತೊಡಕೇ ಮಾಯವಾಗಿ, ಟವರ್ ವಿರೋಧಿ ಪ್ರಚಾರಚಿತ್ರವೊಂದು ಉಳಿಯುತ್ತದೆ.

ಹೊಸಬರಿಗೆ ತೋರಿಸುವಾಗ ಎರಡನೇ ಭಾಗ ಬಿಟ್ಟುಬಿಡಿ ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಅಕ್ಕನ ಮಗ ರಜೆಗೆ ಬಂದಿದ್ದಾಗ ಎರಡನ್ನೂ ತೋರಿಸಿದೆ, ನಡುವೆ ನಿಲ್ಲಿಸಿ ವರದಿಯ ವಿಷಯವನ್ನೂ ಹೇಳಿದೆ.

“ಹಾಗಾದ್ರೆ ವಿಲನ್ ಯಾರು ಮಾಮಾ?” ಎಂದ.

ಗೂಡಿಗೆ ಸಂದು ಬಿಡದ ಗಾಜಿನ ಕಟ್ಟಡ, ಹುಳವಿರದ ಹುಲ್ಲುಹಾಸು, ನಾವಿರುವ ಗಚ್ಚಿಬೌಲಿಯ ಅಪಾರ್ಟ್‌ಮೆಂಟು ಎಂದೆಲ್ಲ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಕೇಳಿದ. ಇದರಲ್ಲಿ ಫೈಟ್ ಇಡೋಕಾಗಲ್ಲ ಅಂದ. ಆಮೇಲೆ, ಏನೇ ಹೇಳಿ, ಫಸ್ಟ್ ಪಾರ್ಟೇ ಚೆನ್ನಾಗಿದೆ ಅಂದ. ಆ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ.